ವಿದ್ಯಾರ್ಥಿ ಖರ್ಚಿನಲ್ಲಿ ಹಳೇ ಮ್ಯಾಮೋಡ್ ಸ್ಟೀಮ್ ಇಂಜಿನ್: ಬಹಳ ಕಾಲ ಓಡಿಸಿದ ಮೇಲೆ ಬರೆದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ನಿಜವಾದ ಬೆಂಕಿ, ನಿಜವಾದ ನೀರು, ನಿಜವಾದ ಹಬೆಯಲ್ಲಿ ಓಡುವ ಪುಟ್ಟ ರೈಲು ಇಂಜಿನ್ ಬೇಕು, ಕೈಯಲ್ಲಿ ದುಡ್ಡು ಕಡಿಮೆ ಇದೆ ಅಂದರೆ ಮ್ಯಾಮೋಡ್ ಕಂಪನಿಯ ಹಳೇ ಎಸ್‌ಎಲ್1 ಮಾದರಿ ಹುಡುಕಿ. ನಾನು ಬರ್ಮಿಂಗ್‌ಹ್ಯಾಮ್‌ಗೆ ಓದಲು ಬಂದ ಮೊದಲ ಚಳಿಗಾಲದಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದು. ಕೋರ್ಸ್ ಮುಗಿಯಿತು, ಕೆಲಸಕ್ಕೂ ಸೇರಿದೆ, ಅದು ಇನ್ನೂ ಓಡುತ್ತಿದೆ. ಕೊಟ್ಟಿದ್ದು ನೂರಿಪ್ಪತ್ತು ಪೌಂಡ್ ಹತ್ತಿರ. ಅಪ್ಪ ಫೋನಿನಲ್ಲಿ ಬೆಲೆ ಕೇಳಿದರು, ಮನಸ್ಸಿನಲ್ಲೇ ರೂಪಾಯಿಗೆ ಲೆಕ್ಕ ಹಾಕಿದರು, ಆಮೇಲೆ ಊಟ ಆಯ್ತಾ ಅಂತ ಕೇಳಿದರು.

ಈ ಹವ್ಯಾಸದಲ್ಲಿ ನೂರಿಪ್ಪತ್ತು ಪೌಂಡ್ ಅಂದರೆ ಏನೂ ಅಲ್ಲ. ಗ್ಯಾಸ್ ಬೆಂಕಿಯಲ್ಲಿ ಹಬೆ ಮಾಡುವ ಹೊಸ ಇಂಜಿನ್ ತಗೊಳ್ಳಲು ಹೋದರೆ ಸಾವಿರ ಪೌಂಡ್ ಮೇಲೆಯೇ ಮಾತು ಶುರುವಾಗುವುದು ಜಾಸ್ತಿ. ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು ಅನ್ನುವ ವೀಸಾ ಇಟ್ಟುಕೊಂಡು ಅದರ ಕಡೆ ನೋಡುವುದೇ ಬೇಡ.

ಮ್ಯಾಮೋಡ್ ಇದೇ ಊರಿನಲ್ಲಿ ಹುಟ್ಟಿದ ಕಂಪನಿ. 1937ರಲ್ಲಿ ಜೆಫ್ರಿ ಮ್ಯಾಲಿನ್ಸ್ ಶುರು ಮಾಡಿದರು. ಮೇಜಿನ ಮೇಲಿಟ್ಟು ಓಡಿಸುವ ಪುಟ್ಟ ಸ್ಟೀಮ್ ಇಂಜಿನ್, ರೋಡ್ ರೋಲರ್, ಇಂಥವುಗಳಿಂದಲೇ ಹೆಸರಾಯಿತು. ರೈಲು ಇಂಜಿನ್‌ಗೆ ಕೈ ಹಾಕಿದ್ದು 1970ರ ದಶಕದ ಕೊನೆಯಲ್ಲಿ. ಇಲ್ಲಿನ ಐವತ್ತು ಅರವತ್ತು ದಾಟಿದ ಗಂಡಸರನ್ನು ಕೇಳಿ, ಚಿಕ್ಕವರಿದ್ದಾಗ ಒಂದಲ್ಲ ಒಂದು ಮ್ಯಾಮೋಡ್ ಇಟ್ಟುಕೊಂಡವರು ಸಿಕ್ಕೇ ಸಿಗುತ್ತಾರೆ. ಅದಕ್ಕೇ ಅಟ್ಟಗಳಿಂದ, ಹಳೇ ಸಾಮಾನಿನ ಸಂತೆಗಳಿಂದ ಇವು ಇನ್ನೂ ಹೊರಗೆ ಬರುತ್ತಲೇ ಇವೆ. ನಮಗೆ ಬೇಕಾಗಿದ್ದೂ ಅದೇ.

ಇಂಜಿನ್ ಸುಮಾರು ಒಂದು ಗೇಣು ಉದ್ದ. ನಾಲ್ಕು ಚಕ್ರ, ಮೇಲೆ ಹಿತ್ತಾಳೆ ಬಾಯ್ಲರ್, ಅದರ ಕೆಳಗೆ ಬೆಂಕಿ, ಅಕ್ಕಪಕ್ಕ ಎರಡು ಸಿಲಿಂಡರ್. ಹಳಿಯ ಅಗಲ 32 ಮಿಲಿಮೀಟರ್. ನಿಜವಾದ ರೈಲಿನ ಒಂದು ಅಡಿಗೆ ಮಾದರಿಯಲ್ಲಿ 16 ಮಿಲಿಮೀಟರ್ ಲೆಕ್ಕ ಹಿಡಿದರೆ ಅದು ಎರಡಡಿ ಅಗಲದ ನ್ಯಾರೋ ಗೇಜ್ ಆಗುತ್ತದೆ. ಬ್ರಿಟನ್‌ನಲ್ಲಿ ಈ ಅಳತೆಯಲ್ಲಿ ಹಿತ್ತಲಲ್ಲಿ ರೈಲು ಓಡಿಸುವವರು ತುಂಬಾ ಜನ ಇದ್ದಾರೆ. ಹಾಗಾಗಿ ಹಳಿ, ಡಬ್ಬಿ, ಬಿಡಿಭಾಗ ಯಾವುದಕ್ಕೂ ಪರದಾಡಬೇಕಿಲ್ಲ.

ಇದರ ಸಿಲಿಂಡರ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಕಡಿಮೆ ಖರ್ಚಿನ ಗುಟ್ಟು ಇರುವುದೇ ಅಲ್ಲಿ. ದೊಡ್ಡ ಇಂಜಿನ್‌ಗಳಲ್ಲಿ ಹಬೆ ಯಾವಾಗ ಒಳಗೆ ಹೋಗಬೇಕು, ಯಾವಾಗ ಹೊರಗೆ ಬರಬೇಕು ಅಂತ ನೋಡಿಕೊಳ್ಳಲು ಬೇರೆ ವಾಲ್ವ್, ಅದನ್ನು ಆಡಿಸಲು ಕಡ್ಡಿ, ಕೊಂಡಿ ಎಲ್ಲ ಇರುತ್ತವೆ. ಇಲ್ಲಿ ಅದ್ಯಾವುದೂ ಇಲ್ಲ. ಚಕ್ರ ತಿರುಗಿದ ಹಾಗೆ ಸಿಲಿಂಡರೇ ಮೇಲೆ ಕೆಳಗೆ ತೂಗಾಡುತ್ತದೆ. ಅದರ ಮುಖದಲ್ಲಿರುವ ತೂತು ಒಮ್ಮೆ ಹಬೆ ಬರುವ ತೂತಿಗೆ ಎದುರಾಗುತ್ತದೆ, ಇನ್ನೊಮ್ಮೆ ಹಬೆ ಹೊರಹೋಗುವ ತೂತಿಗೆ. ಅಷ್ಟೇ. ಒಂದು ಸ್ಪ್ರಿಂಗ್ ಸಿಲಿಂಡರನ್ನು ಒತ್ತಿ ಹಿಡಿದಿರುತ್ತದೆ. ಮಧ್ಯೆ ಒಂದು ಚಿಕ್ಕ ಲಿವರ್ ಇದೆ, ಅದನ್ನು ತಿರುಗಿಸಿದರೆ ಬರುವ ದಾರಿ ಹೋಗುವ ದಾರಿ ಅದಲು ಬದಲಾಗಿ ಇಂಜಿನ್ ಹಿಂದಕ್ಕೆ ಓಡುತ್ತದೆ. ವೇಗ ಕಡಿಮೆ ಜಾಸ್ತಿ ಮಾಡುವುದೂ ಅದರಲ್ಲೇ. ಕೆಡುವ ಭಾಗಗಳೇ ಕಡಿಮೆ, ಕೆಟ್ಟರೂ ಓದುವ ಮೇಜಿನ ಮೇಲೆ ಸ್ಕ್ರೂಡ್ರೈವರ್, ಸ್ಪ್ಯಾನರ್ ಇಟ್ಟುಕೊಂಡು ಸರಿ ಮಾಡಬಹುದು.

ಎರಡು ಮುಖ ಒಂದಕ್ಕೊಂದು ಉಜ್ಜುತ್ತಾ ಹಬೆಯನ್ನು ತಡೆಯಬೇಕು ಅಂದಮೇಲೆ ಅಲ್ಲಿ ಸ್ವಲ್ಪ ಸೋರುವುದು ಸಹಜ. ಈ ಜಾತಿಯ ಇಂಜಿನ್ ಯಾರದ್ದೇ ಆಗಲಿ ಸೋರುತ್ತದೆ. ಜಾಸ್ತಿ ಸೋರಿದರೆ ಮಾತ್ರ ತಲೆ ಕೆಡಿಸಿಕೊಳ್ಳಿ. ನನಗೆ ಮಾರಿದವರು ಸ್ಪ್ರಿಂಗ್‌ಗಳನ್ನು ಎಳೆದು ಬಿಗಿ ಮಾಡಿದ್ದರು, ಒಂದು ಸ್ಕ್ರೂಗೆ ಅಂಟನ್ನೂ ಹಾಕಿದ್ದರು. "ಚೆನ್ನಾಗಿ ಓಡುತ್ತದೆ" ಅಂತ ಬರೆದು ಮಾರಿದ್ದ ಆ ಇಂಜಿನ್ ಹಬೆ ಕೊಟ್ಟಾಗ ಅಲ್ಲಾಡಲಿಲ್ಲ, ಸುತ್ತಲೂ ಮೋಡ ಮಾತ್ರ ಎದ್ದಿತು. ಅಂಟು ಬಿಡಿಸಿದ್ದಾಯಿತು. ಒಂದು ಗಾಜಿನ ಚೂರಿನ ಮೇಲೆ ಸಾವಿರ ನಂಬರ್ ವಾಟರ್ ಪೇಪರ್ (ತುಂಬಾ ನುಣುಪಾದ ಉಜ್ಜುಕಾಗದ) ಇಟ್ಟು, ಎರಡು ಹನಿ ಎಣ್ಣೆ ಬಿಟ್ಟು, ಸಿಲಿಂಡರ್ ಮುಖವನ್ನು ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿದೆ. ಗೀರುಗಳು ಹೋಗಿ ಇಡೀ ಮುಖ ಒಂದೇ ಬಣ್ಣ ಆದರೆ ಸಾಕು, ಮುಂದೆ ಉಜ್ಜಬೇಡಿ. ಕಾಗದದ ಪುಡಿ ಒಂದು ಕಣವೂ ಉಳಿಯದ ಹಾಗೆ ತೊಳೆಯಬೇಕು. ಹೊಸ ಸ್ಪ್ರಿಂಗ್, ಹೊಸ ಓ-ರಿಂಗ್ (ಸೋರದ ಹಾಗೆ ತಡೆಯುವ ರಬ್ಬರ್ ಬಳೆ) ಎಲ್ಲ ಸೇರಿ ಒಂದು ಹೊತ್ತಿನ ಹೊರಗಿನ ಊಟಕ್ಕಿಂತ ಕಡಿಮೆ ಆಯಿತು. ಅವತ್ತಿನಿಂದ ಸಿಲಿಂಡರ್ ತಂಟೆ ಮಾಡಿಲ್ಲ.

ಈಗ ಇಂಧನ. ಹೊಸಬರು ಇಲ್ಲಿ ಎಚ್ಚರವಾಗಿರಬೇಕು. ಹಳೇ ಮ್ಯಾಮೋಡ್ ಡಬ್ಬದೊಳಗೆ ಕೆಲವೊಮ್ಮೆ ಬಿಳಿ ಇಂಧನ ಮಾತ್ರೆಗಳ ಪ್ಯಾಕೆಟ್ ಇರುತ್ತದೆ, ಪುಕ್ಕಟೆ ಸಿಕ್ಕಿತು ಅಂತ ಖುಷಿ ಆಗುತ್ತದೆ. ಈ ಥರದ ಮಾತ್ರೆಗಳಲ್ಲಿ ಹೆಕ್ಸಮೀನ್ ಅನ್ನುವ ರಾಸಾಯನಿಕ ಇರುವುದೇ ಜಾಸ್ತಿ. ಸ್ಫೋಟಕ ತಯಾರಿಸಲು ಬಳಸಬಹುದು ಅನ್ನುವ ಕಾರಣಕ್ಕೆ ಬ್ರಿಟನ್ ಅದನ್ನು 2023ರ ಅಕ್ಟೋಬರ್‌ನಲ್ಲಿ ನಿಯಂತ್ರಿತ ವಸ್ತುಗಳ ಪಟ್ಟಿಗೆ ಸೇರಿಸಿತು. ಸಾಮಾನ್ಯ ಜನರಿಗೆ ಅದಕ್ಕೆ ಲೈಸೆನ್ಸ್ ಬೇಕು. ಆಟಿಕೆಯ ಮಾತ್ರೆ ತಾನೇ ಅಂತ ಹಾಸ್ಟೆಲ್ ರೂಮಿನ ಡ್ರಾಯರ್‌ನಲ್ಲಿ ಇಟ್ಟುಕೊಳ್ಳಬೇಡಿ, ಅದರಲ್ಲೂ ವೀಸಾ ಮೇಲೆ ಬಂದ ನಾವು. ಮಾರುವವರಿಗೆ ಮೊದಲೇ ಹೇಳಿ: ಇಂಜಿನ್ ಕೊಡಿ, ಮಾತ್ರೆ ಬೇಡ.

ನಾನು ಬಳಸುವುದು ಸ್ಪಿರಿಟ್. ಇಲ್ಲಿ ನೇರಳೆ ಬಣ್ಣ ಹಾಕಿದ ಮೆಥಿಲೇಟೆಡ್ ಸ್ಪಿರಿಟ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಮಾತ್ರೆ ಇಡುವ ತಟ್ಟೆ ತೆಗೆದು ಬತ್ತಿ ಇರುವ ಬರ್ನರ್ ಕೂರಿಸಿದ್ದೇನೆ, ಇದಕ್ಕೆಂದೇ ಮಾಡುವ ಸಣ್ಣ ಅಂಗಡಿಗಳಿವೆ. ಅರ್ಧ ಲೀಟರ್ ಬಾಟಲಿ ಬಹಳ ಸಲಕ್ಕೆ ಬರುತ್ತದೆ, ಒಂದು ಓಟಕ್ಕೆ ಒಂದು ಕಪ್ ಚಹಾದಷ್ಟೂ ಖರ್ಚಿಲ್ಲ. ಆದರೆ ಸ್ಪಿರಿಟ್ ಬೆಂಕಿ ಬಿಸಿಲಲ್ಲಿ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಮತ್ತೆ ಸುರಿಯಲು ಹೋದರೆ ಬಾಟಲಿಗೇ ಹತ್ತಿಕೊಳ್ಳುತ್ತದೆ. ಬರ್ನರ್ ಹೊರಗೆ ತೆಗೆದು, ಪೂರ್ತಿ ತಣ್ಣಗಾದ ಮೇಲೆ, ಬಾಟಲಿ ದೂರ ಇಟ್ಟು, ಸಿರಿಂಜ್‌ನಲ್ಲಿ ಅಳತೆ ಮಾಡಿ ತುಂಬಿ. ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಸ್ಪಿರಿಟ್ ನೀರಿನಲ್ಲಿ ಬೆರೆಯುವುದರಿಂದ ಇದು ನೀರಿಗೇ ಆರುತ್ತದೆ, ಎಣ್ಣೆ ಬೆಂಕಿಯ ಹಾಗಲ್ಲ. ಗಾಳಿ ಜೋರಿದ್ದರೆ ಬೆಂಕಿ ಬಾಯ್ಲರ್ ಬಿಟ್ಟು ಪಕ್ಕಕ್ಕೆ ಹೋಗಿ ಬಣ್ಣ ಸುಡುತ್ತದೆ. ಒಂದು ತೆಳು ತಗಡು ಬಗ್ಗಿಸಿ ಎರಡೂ ಕಡೆ ಅಡ್ಡ ಕೊಟ್ಟಿದ್ದೇನೆ. ಅದಕ್ಕೆ ಬೇಕಾಗಿದ್ದು ಖಾಲಿ ಬಿಸ್ಕತ್ತು ಡಬ್ಬ, ಒಂದು ಕತ್ತರಿ.

ಅಳತೆ ಯಾಕೆ ಅಂದರೆ, ನನ್ನ ಹಳೇ ಮಾದರಿಯಲ್ಲಿ ಬಾಯ್ಲರ್ ಒಳಗೆ ಎಷ್ಟು ನೀರು ಉಳಿದಿದೆ ಅಂತ ತೋರಿಸುವ ಗಾಜಿನ ಕೊಳವೆ ಇಲ್ಲ. ನೀರು ಮುಗಿಯುವ ಮೊದಲು ಬೆಂಕಿ ಮುಗಿಯಬೇಕು. ಇದೊಂದೇ ನಿಯಮ, ಇದನ್ನು ಮುರಿದರೆ ಖಾಲಿ ಬಾಯ್ಲರ್ ಕಾದು ಬೆಸುಗೆ ಬಿಡುತ್ತದೆ. ಮೊದಲು ಸ್ವಲ್ಪವೇ ಸ್ಪಿರಿಟ್ ಹಾಕಿ ಓಡಿಸಿ, ನಿಂತ ಮೇಲೆ ತಣ್ಣಗಾಗಲು ಬಿಟ್ಟು ಉಳಿದ ನೀರನ್ನು ಹೊರತೆಗೆದು ಅಳೆಯಿರಿ. ಸಾಕಷ್ಟು ಉಳಿದಿದ್ದರೆ ಮುಂದಿನ ಸಲ ಸ್ಪಿರಿಟ್ ಒಂದು ಚೂರು ಹೆಚ್ಚಿಸಿ. ಹೀಗೆ ಮಾಡುತ್ತಾ ನಿಮ್ಮ ಇಂಜಿನ್‌ನ ಲೆಕ್ಕ ನಿಮಗೇ ಸಿಗುತ್ತದೆ. ನನ್ನದು ಒಂದು ಸಲ ತುಂಬಿದರೆ ಹತ್ತು ಹದಿನೈದು ನಿಮಿಷ ಓಡುತ್ತದೆ, ಅಷ್ಟು ಸಾಕು. ಒತ್ತಡ ಕಾರಿನ ಟೈರಿಗಿಂತ ಕಡಿಮೆ. ಹಾಗಂತ ಸೇಫ್ಟಿ ವಾಲ್ವ್ ಜೊತೆ ಆಟ ಬೇಡ. ಅದರ ಸ್ಪ್ರಿಂಗ್ ಬಿಗಿ ಮಾಡಿದರೆ ಜೋರು ಓಡುತ್ತದೆ ಅಂತ ಸಲಹೆ ಕೊಡುವವರು ಸಿಗುತ್ತಾರೆ, ಅಂಥವರ ಹಳಿಯ ಹತ್ತಿರ ನಿಲ್ಲಬೇಡಿ.

ನೀರಿನ ವಿಷಯದಲ್ಲಿ ನನಗೆ ಅದೃಷ್ಟ ಇತ್ತು. ಬರ್ಮಿಂಗ್‌ಹ್ಯಾಮ್‌ಗೆ ನೀರು ಬರುವುದು ವೇಲ್ಸ್‌ನ ಏಲಾನ್ ಕಣಿವೆಯಿಂದ. 1904ರಿಂದಲೂ ಸುಮಾರು 73 ಮೈಲಿ ದೂರ, ಪಂಪ್ ಇಲ್ಲದೆ ಬರೀ ಇಳಿಜಾರಿನ ಮೇಲೆ ಹರಿದು ಬರುತ್ತದೆ. ಗುಡ್ಡದ ಮಳೆ ನೀರು, ತುಂಬಾ ಮೃದು. ನಲ್ಲಿ ನೀರು ಹಾಕಿದರೂ ಬಾಯ್ಲರ್ ಒಳಗೆ ಬಿಳಿ ಪದರ ಕಟ್ಟಲಿಲ್ಲ. ಅದೇ ಇಂಜಿನ್ ಲಂಡನ್‌ನ ಗೆಳೆಯನ ಮನೆಗೆ ಹೋಗಿ ಬಂದಾಗ ಸೇಫ್ಟಿ ವಾಲ್ವ್ ಸುತ್ತ ಬಿಳಿ ಬಳೆ ಕಾಣಿಸಿತು, ಅಲ್ಲಿನದು ಸುಣ್ಣದ ನೀರು. ಬೆಂಗಳೂರಲ್ಲಿ ಬೋರ್‌ವೆಲ್ ನೀರು ಕಾಯಿಸಿದವರಿಗೆ ಗೀಸರ್ ಕಾಯಿಲ್ ನೋಡಿ ಇದು ಗೊತ್ತೇ ಇರುತ್ತದೆ ಅಲ್ವಾ. ಗಡಸು ನೀರಿನ ಊರಲ್ಲಿದ್ದರೆ ಶುದ್ಧ ಮಳೆ ನೀರು ಸೋಸಿ ಹಾಕಿ. ಪದರ ಕಟ್ಟಿದ್ದರೆ ನಿಂಬೆ ಉಪ್ಪನ್ನು ತೆಳುವಾಗಿ ಕರಗಿಸಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಿರಿ. ರಾತ್ರಿಯಿಡೀ ಬಿಡಬೇಡಿ, ಹಿತ್ತಾಳೆ ತಿನ್ನುತ್ತದೆ.

ದುಡ್ಡು ಉಳಿಸಬಾರದ ಜಾಗ ಒಂದೇ, ಎಣ್ಣೆ. ಸೈಕಲ್ ಎಣ್ಣೆ, ಹೊಲಿಗೆ ಮಿಷಿನ್ ಎಣ್ಣೆ ಹಬೆ ತಾಗಿದ ಕೂಡಲೇ ತೊಳೆದು ಹೋಗುತ್ತದೆ. ಕಾರಿನ ಇಂಜಿನ್ ಆಯಿಲ್ ಕೂಡ ಇದಕ್ಕೆ ಅಲ್ಲ. ಸ್ಟೀಮ್ ಆಯಿಲ್ ಅಂತಲೇ ಬರುತ್ತದೆ, ದಪ್ಪ, ಹಬೆಯ ಜೊತೆ ಬೆರೆತು ಲೋಹಕ್ಕೆ ಅಂಟಿಕೊಳ್ಳುತ್ತದೆ. ಒಂದು ಚಿಕ್ಕ ಬಾಟಲಿ ಕೊಂಡಿದ್ದು ಇನ್ನೂ ಖಾಲಿ ಆಗಿಲ್ಲ. ಪ್ರತಿ ಓಟದ ಮೊದಲು ಸಿಲಿಂಡರ್ ಮುಖಕ್ಕೆ, ಪಿಸ್ಟನ್ ಕಡ್ಡಿಗೆ ಹನಿ ಬಿಡಬೇಕು. ಓಟ ಮುಗಿದ ಮೇಲೆ ಇಂಜಿನ್ ತಣ್ಣಗಾಗಲು ಬಿಟ್ಟು, ಸೇಫ್ಟಿ ವಾಲ್ವ್ ತಿರುಗಿಸಿ ತೆಗೆದು, ನೀರು ಬಸಿದು, ಮೈಯೆಲ್ಲ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ ಇಡಿ. ಚಕ್ರದ ಎಣ್ಣೆ ಒರೆಸದಿದ್ದರೆ ಮುಂದಿನ ಸಲ ಹಳಿ ಮೇಲೆ ಜಾರುತ್ತದೆ.

ಬಣ್ಣ, ಹೊಸ ಚಿಮಣಿ, ರೇಡಿಯೋ ಕಂಟ್ರೋಲ್, ಗ್ಯಾಸ್ ಬರ್ನರ್, ದೊಡ್ಡ ಬಾಯ್ಲರ್, ಎಲ್ಲ ಮಾರುತ್ತಾರೆ. ಎಲ್ಲ ಸೇರಿಸಿದರೆ ಇಂಜಿನ್‌ಗೆ ಕೊಟ್ಟದ್ದಕ್ಕಿಂತ ಜಾಸ್ತಿ ಆಗುತ್ತದೆ. ಸುಮ್ನೆ ಬಿಡಿ. ಇದರ ದೊಡ್ಡ ತೊಂದರೆ ಓಟದ ವೇಗ, ಹಗುರ ಇಂಜಿನ್ ಒಂಟಿಯಾಗಿ ಬಿಟ್ಟರೆ ತಿರುವಿನಲ್ಲಿ ಹಳಿ ಬಿಟ್ಟು ಹಾರುತ್ತದೆ. ಅದಕ್ಕೆ ಪರಿಹಾರ ಹಿಂದೆ ಭಾರ ಕಟ್ಟುವುದು. ಮರದ ಚೂರುಗಳಲ್ಲಿ ಮೂರು ಡಬ್ಬಿ ಮಾಡಿ ಕಲ್ಲು ತುಂಬಿದೆ. ಎಳೆಯಲು ಭಾರ ಇದ್ದಾಗ ಅದು ಸದ್ದು ಮಾಡುತ್ತಾ ನಿಧಾನವಾಗಿ ಹೋಗುವುದನ್ನು ನೋಡಬೇಕು, ಒಂಟಿ ಓಟದಲ್ಲಿ ಆ ಸುಖ ಇಲ್ಲ.

ಹಳಿ ಕೊಳ್ಳಲೇಬೇಡಿ. ಪೆಕೋ ಕಂಪನಿಯವರ ಇದೇ ಅಗಲದ ಎಸ್‌ಎಂ-32 ಹಳಿ ಚೆನ್ನಾಗಿದೆ, ಆದರೆ ಒಂದು ಸುತ್ತು ಹಾಕುವಷ್ಟು ಕೊಂಡರೆ ಇನ್ನೊಂದು ಇಂಜಿನ್ ಬರುತ್ತದೆ. ಕೊಂಡರೂ ಇಡುವುದೆಲ್ಲಿ? ವಿದ್ಯಾರ್ಥಿ ಕೊಠಡಿಯಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಊದುಬತ್ತಿಗೇ ಅಲಾರಂ ಕೂಗುತ್ತದೆ. ಹತ್ತಿರದ ಮಾಡೆಲ್ ಇಂಜಿನಿಯರಿಂಗ್ ಕ್ಲಬ್ ಸೇರಿ. ವಿದ್ಯಾರ್ಥಿಗಳಿಗೆ ಚಂದಾ ಕಡಿಮೆ ಇಟ್ಟಿರುವ ಕ್ಲಬ್‌ಗಳಿವೆ, ಹಳಿ ಇರುತ್ತದೆ, ಲೇತ್ ಇರುತ್ತದೆ, ವಿಮೆಯ ವ್ಯವಸ್ಥೆಯೂ ಇರುತ್ತದೆ. ಬಾಯ್ಲರ್ ಪರೀಕ್ಷೆಯ ಬಗ್ಗೆ ಕೇಳುತ್ತಾರೆ, ಹೆದರಬೇಡಿ. 3 ಬಾರ್-ಲೀಟರ್ ಒಳಗಿನ ಪುಟ್ಟ ಬಾಯ್ಲರ್‌ಗಳಿಗೆ ಬೇರೆಯೇ ನಿಯಮ ಪುಸ್ತಕ ಇದೆ, ನಮ್ಮದು ಅದರೊಳಗೇ ಬರುತ್ತದೆ. ಬಾಯ್ಲರ್‌ನಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ, ಎಷ್ಟು ಬಾರ್ ಒತ್ತಡ, ಎರಡನ್ನೂ ಗುಣಿಸಿದರೆ ಆ ಲೆಕ್ಕ.

ಕ್ಲಬ್ಬಿನಲ್ಲಿ ಹೆಚ್ಚಿನವರು ನಿವೃತ್ತರು. ಮೊದಲ ದಿನ ಸ್ವಲ್ಪ ಮುಜುಗರ ಆಗುತ್ತದೆ, ಅವರು ಸ್ವತಃ ವರ್ಷಗಟ್ಟಲೆ ಕೂತು ಕಟ್ಟಿದ ಇಂಜಿನ್‌ಗಳ ಪಕ್ಕ ನಮ್ಮ ಸುಟ್ಟ ಬಣ್ಣದ ಆಟಿಕೆ ಇಡಬೇಕು. ಆದರೆ ಅವರಲ್ಲಿ ಎಷ್ಟೋ ಜನ ಶುರು ಮಾಡಿದ್ದೇ ಮ್ಯಾಮೋಡ್‌ನಿಂದ. ಇಟ್ಟ ಕೂಡಲೇ ಬಂದು ಬಗ್ಗಿ ನೋಡುತ್ತಾರೆ, ಜೇಬಿನಿಂದ ಯಾವುದೋ ಓ-ರಿಂಗ್ ತೆಗೆದು ಕೈಗೆ ಕೊಡುತ್ತಾರೆ, ದುಡ್ಡು ಕೊಡಲು ಹೋದರೆ ಬೇಡ ಅನ್ನುತ್ತಾರೆ. ಬದಲಿಗೆ ಹಳಿ ಪಕ್ಕದ ಕಳೆ ಕೀಳಿಸುತ್ತಾರೆ!

ಭಾರತಕ್ಕೆ ತರಬಹುದಾ ಅಂತ ಇಬ್ಬರು ಮೂವರು ಕೇಳಿದ್ದಾರೆ. ಇಂಜಿನ್ ತರಬಹುದು. ಸ್ಪಿರಿಟ್ ವಿಮಾನದ ಸಾಮಾನಿನಲ್ಲಿ ಬರುವ ಹಾಗಿಲ್ಲ. ಬಳಸಿದ ಬರ್ನರ್‌ನ ಬತ್ತಿಯಲ್ಲಿ ವಾಸನೆ ಉಳಿದಿದ್ದರೂ ತಪಾಸಣೆಯಲ್ಲಿ ಪ್ರಶ್ನೆ ಬರುತ್ತದೆ, ಅದಕ್ಕೆ ಬರ್ನರ್ ಅನ್ನು ಇಲ್ಲೇ ಬಿಟ್ಟು ಹೊಸದೊಂದನ್ನು ಬಳಸದೆ ತನ್ನಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕೀಲಿ ಕೊಟ್ಟ ಹಾಗೆ ಹೇಳಿದ ಮಾತು ಕೇಳುವ ರೈಲು ಬೇಕಾದವರು ಕರೆಂಟ್ ರೈಲು ತಗೊಳ್ಳಿ. ಇದನ್ನು ಕೊಳ್ಳುವವರು ಫೋಟೋ ನೋಡಿ ದುಡ್ಡು ಹಾಕಬೇಡಿ. ಹೋಗಿ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ, ಬಾಯ್ಲರ್ ಎರಡೂ ತುದಿಯ ಬೆಸುಗೆ ನೋಡಿ, ಸ್ಕ್ರೂಗಳಿಗೆ ಅಂಟು ಹಾಕಿದ್ದಾರಾ ನೋಡಿ. ಹಾಕಿದ್ದರೆ ಇಪ್ಪತ್ತು ಪೌಂಡ್ ಕಡಿಮೆ ಕೇಳಿ.