ಕಾರವಾರದಿಂದ ಮಾಲ್ಡೀವ್ಸ್ ಪ್ಯಾಕೇಜ್: ರೆಸಾರ್ಟ್ ಬಿಡಿ, ಊರಿರೋ ದ್ವೀಪಕ್ಕೆ ಹೋಗಿ

ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಯಾಕೆ ಹೋಯ್ತು ಅಂತ ಆಮೇಲೆ ಹೇಳ್ತೀನಿ.

ನಮ್ಮೂರಿನ ಒಬ್ರು ಟ್ರಾವೆಲ್ಸ್‌ನವರು ಮಾಡ್ಕೊಟ್ಟ ಪ್ಯಾಕೇಜ್ ಇದು. ಬೆಂಗಳೂರಿಂದ ಫ್ಲೈಟು, ರಾಜಧಾನಿ ಮಾಲೆಯಲ್ಲಿ ಸುತ್ತಾಟ, ಆಮೇಲೆ ಮಾಫುಶಿ ಅನ್ನೋ ದ್ವೀಪದಲ್ಲಿ ಗೆಸ್ಟ್‌ಹೌಸು. ಫೋಟೋದಲ್ಲಿ ನೋಡ್ತೀವಲ್ಲ ನೀರಿನ ಮೇಲಿನ ಮನೆಗಳು, ಅವೆಲ್ಲ ರೆಸಾರ್ಟಿಂದು, ರೇಟೂ ಹಾಗೇ ಇರತ್ತೆ, ಅಲ್ಲಿ ಊರು ಅನ್ನೋದೇ ಇರಲ್ಲ. ಮಾಫುಶಿಯಲ್ಲಿ ಶಾಲೆ, ಮಸೀದಿ, ಕಿರಾಣಿ ಅಂಗಡಿ ಎಲ್ಲಾ ಇದೆ, ಸಂಜೆ ಹುಡುಗ್ರು ಫುಟ್ಬಾಲ್ ಆಡ್ತಿರ್ತಾರೆ. ನಂಗೆ ಇದೇ ಬೇಕಿತ್ತು.

ಪ್ಯಾಕೇಜಲ್ಲಿ ಚಿನ್ನದಂಥದ್ದು ಅಂದ್ರೆ ಮಾಲೆಯ ಗೈಡು. ಏರ್‌ಪೋರ್ಟಿಂದ ಊರೊಳಗೆ ಬರೋ ಸೇತುವೆ ಚೀನಾದ ನೆರವಿಂದ ಕಟ್ಟಿದ್ದು, 2018ರಲ್ಲಿ ಓಪನ್ ಆಗಿದ್ದು. ಅದೇ ಊರಿನ ಪಶ್ಚಿಮಕ್ಕೆ ಹೋದ್ರೆ ಸಮುದ್ರದಲ್ಲಿ ಇನ್ನೊಂದು ಸೇತುವೆ ಕೆಲಸ ನಡೀತಿದೆ, ಅದು ಭಾರತದ 10 ಕೋಟಿ ಡಾಲರ್ ಅನುದಾನ, 40 ಕೋಟಿ ಡಾಲರ್ ಸಾಲದಲ್ಲಿ. ಎರಡಕ್ಕೂ ನಡುವೆ ಆರಾಮಾಗಿ ನಡ್ಕೊಂಡೇ ಹೋಗಬಹುದು, ಅಷ್ಟು ಚಿಕ್ಕ ಊರು. ದಾರಿಯಲ್ಲೇ ಇಂದಿರಾ ಗಾಂಧಿ ಹೆಸರಿನ ದೊಡ್ಡ ಆಸ್ಪತ್ರೆ, ಅದೂ ನಮ್ಮ ದೇಶ ಕಟ್ಟಿಸಿಕೊಟ್ಟಿದ್ದು. ಇಡೀ ದೇಶದ ಜನಸಂಖ್ಯೆ 5 ಲಕ್ಷ ಚಿಲ್ಲರೆ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಅರ್ಧದಷ್ಟೂ ಇಲ್ಲ, ಅಂಥಾ ದೇಶ ಭಾರತ ಚೀನಾ ಇಬ್ರ ಹತ್ರಾನೂ ಮಾತಾಡ್ಕೊಂಡು ಇರಬೇಕು, ಅದು ಎಷ್ಟು ಕಷ್ಟ ಅನ್ನೋದು ಅಲ್ಲಿ ನಿಂತು ನೋಡಿದ್ರೆ ಗೊತ್ತಾಗತ್ತೆ.

1988ರ ನವೆಂಬರ್ 3ಕ್ಕೆ ಬಾಡಿಗೆ ಬಂದೂಕುಧಾರಿಗಳು ಮಾಲೆಗೆ ನುಗ್ಗಿದಾಗ ಅಧ್ಯಕ್ಷ ಗಯೂಮ್ ಸಹಾಯ ಕೇಳಿದ್ರು, ಆಗ್ರಾದಿಂದ ನಮ್ಮ ಸೈನ್ಯ ಅವತ್ತೇ ರಾತ್ರಿ ಹೋಗಿ ಇಳೀತು. 2014ರ ಡಿಸೆಂಬರಲ್ಲಿ ಸಮುದ್ರದ ನೀರನ್ನ ಸಿಹಿನೀರು ಮಾಡೋ ಘಟಕಕ್ಕೆ ಬೆಂಕಿ ಬಿದ್ದು ಇಡೀ ಮಾಲೆಗೆ ಕುಡಿಯೋಕೆ ನೀರಿಲ್ಲ, ಆಗ್ಲೂ ನಮ್ಮ ನೌಕಾಪಡೆ ಹಡಗು ನೀರು ತಗೊಂಡು ಹೋಯ್ತು. ಗೈಡು ಇದನ್ನೆಲ್ಲ ಹೇಳಿ, 2023ರ ಅಧ್ಯಕ್ಷ ಚುನಾವಣೆಯಲ್ಲಿ ಮುಯಿಝು ಗೆದ್ದಿದ್ದು, 'ಇಂಡಿಯಾ ಔಟ್' ಕೂಗು, 2024ರ ಮೇ ಹೊತ್ತಿಗೆ ನಮ್ಮ ಸೈನಿಕರನ್ನ ವಾಪಸ್ ಕಳ್ಸಿದ್ದು, ಅದನ್ನೂ ಮುಚ್ಚಿಡದೆ ಹೇಳ್ದ. ನಮ್ಮ ಪ್ರಧಾನಿ ಮೋದಿ ಬಗ್ಗೆ ಕೆಟ್ಟದಾಗಿ ಮಾತಾಡಿದ ಉಪಮಂತ್ರಿಗಳು ಮೂರು ಜನ, ಅವರನ್ನ ಅಲ್ಲಿನ ಸರ್ಕಾರಾನೇ ಸಸ್ಪೆಂಡ್ ಮಾಡ್ತು. ಆದ್ರೆ ಸಿಟ್ಟಲ್ಲಿ ನಮ್ಮವರು ಅಲ್ಲಿಗೆ ಹೋಗೋದು ಕಮ್ಮಿ ಮಾಡಿದ್ರಿಂದ ಪೆಟ್ಟು ಬಿದ್ದಿದ್ದು ಗೆಸ್ಟ್‌ಹೌಸ್ ಇಟ್ಕೊಂಡ ಸಣ್ಣ ಜನಕ್ಕೆ. 2023ರಲ್ಲಿ ನಮ್ಮವರು 2 ಲಕ್ಷಕ್ಕೂ ಮೇಲೆ ಹೋಗಿದ್ರು, ಮರುವರ್ಷ 1.3 ಲಕ್ಷದ ಹತ್ರಕ್ಕೆ ಇಳೀತು. ನಂಗಂತೂ ಇದು ಸರಿ ಕಾಣಲ್ಲ, ಮಂತ್ರಿ ಆಡಿದ ಮಾತಿಗೆ ರೂಮು ಗುಡಿಸೋಳ ಸಂಬಳ ಯಾಕೆ ಹೋಗಬೇಕು?

ಊಟದ ವಿಷಯ. ಬೆಳಿಗ್ಗೆ ಮಾಸ್ ಹುನಿ ಅಂತ ಕೊಡ್ತಾರೆ, ಟ್ಯೂನಾ (ನಮ್ಮ ಗೇದರ್ ಮೀನೇ ಅನ್ಕೊಳ್ಳಿ), ತೆಂಗಿನತುರಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಲಿಂಬೆ, ಎಲ್ಲಾ ಕೈಯಲ್ಲೇ ಕಿವುಚಿ ತೆಳು ರೊಟ್ಟಿ ಜೊತೆ. ಆಯಿ ಎರಡನೇ ಸಲ ಹಾಕಿಸ್ಕೊಂಡ್ಳು, ಅವ್ಳು ಹೊರಗಡೆ ಮೀನು ಮುಟ್ಟೋದೇ ಅಪರೂಪ. ಗೆಸ್ಟ್‌ಹೌಸ್ ಅಕ್ಕ ನಂಗೆ ಅಡುಗೆಮನೆಯ ಈರುಳ್ಳಿ ಚೀಲ ತೋರ್ಸಿದ್ಲು, ಇಂಡಿಯಾದ್ದು. ಅಕ್ಕಿ, ಈರುಳ್ಳಿ, ಮೊಟ್ಟೆ, ಸಕ್ಕರೆ, ಬೇಳೆ ಇವನ್ನೆಲ್ಲ ಮಾಲ್ಡೀವ್ಸಿಗೆ ವರ್ಷಾ ಇಷ್ಟಿಷ್ಟು ಅಂತ ಕಳ್ಸೋ ಒಪ್ಪಂದ 1981ರಿಂದ ಇದೆ, ನಮ್ಮಲ್ಲಿ ರಫ್ತಿಗೆ ನಿರ್ಬಂಧ ಇದ್ದಾಗ್ಲೂ ಅವ್ರ ಪಾಲು ಹೋಗತ್ತೆ. ಆ ಜಗಳ ಜೋರಿದ್ದ 2024ರ ಏಪ್ರಿಲಲ್ಲೇ ಕೋಟಾ ಅಲ್ಲಿವರೆಗಿನ ಎಲ್ಲಾ ವರ್ಷಕ್ಕಿಂತ ಜಾಸ್ತಿ ಮಾಡಿದ್ರು ಅನ್ನೋದು ನಂಗೆ ಬಹಳ ಇಷ್ಟವಾದ ಸಂಗತಿ. ಮೀನಿಗೂ ರಾಜಕೀಯ ಇದೆ. ಅವ್ರು ಟ್ಯೂನಾ ಹಿಡಿಯೋದು ಗಳದಲ್ಲಿ, ಒಂದೊಂದಾಗಿ, ಆದ್ರೆ 2011ರಲ್ಲಿ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂದ್ಮೇಲೆ ಯುರೋಪಿನ ಸುಂಕ ವಿನಾಯಿತಿ ಹೋಯ್ತು. ಮುಂದೆ ಬಂದಿದ್ದಕ್ಕೇ ದಂಡ ಕಟ್ಟಿದ ಹಾಗೆ.

ಟ್ರಾವೆಲ್ಸ್‌ನವರ ಸರ್ವಿಸ್ ಚೊಲೋ ಇತ್ತು. ವೀಸಾ ಅಲ್ಲಿ ಇಳಿದ್ಮೇಲೆ ಫ್ರೀಯಾಗಿ ಕೊಡ್ತಾರೆ, ಆದ್ರೆ ಹೊರಡೋ 96 ಗಂಟೆ ಒಳಗೆ ಆನ್‌ಲೈನ್ ಫಾರ್ಮ್ ತುಂಬಬೇಕು, ಅದನ್ನ ಅವ್ರೇ ಕೂತು ತುಂಬಿದ್ರು. ಆಯಿ ಬ್ಯಾಗಲ್ಲಿ ಸಣ್ಣ ಗಣಪತಿ ಮೂರ್ತಿ ಇಟ್ಕೊಂಡಿದ್ಲು, "ಆಯಿ, ಅಲ್ಲಿ ಪೂಜೆ ಮೂರ್ತಿ ಒಯ್ಯೋಕೆ ಬಿಡಲ್ಲ, ಮನೇಲೇ ಇಟ್ಟು ಬನ್ನಿ" ಅಂತ ಮೊದಲೇ ಹೇಳಿದ್ದು ದೊಡ್ಡ ಉಪಕಾರ. ಊರಿರೋ ದ್ವೀಪದಲ್ಲಿ ಮದ್ಯ ಸಿಗಲ್ಲ, ಅದನ್ನೂ ಸ್ಪಷ್ಟವಾಗಿ ಹೇಳಿದ್ರು.

ಅರ್ಧ ಸ್ಟಾರ್ ಹೋಗಿದ್ದು 'ಗ್ರೀನ್ ಟ್ಯಾಕ್ಸ್' ಅಂತ ಪ್ರವಾಸಿಗರ ಹತ್ರ ತಗೊಳ್ಳೋ ತೆರಿಗೆಗೆ. ಸಣ್ಣ ಗೆಸ್ಟ್‌ಹೌಸಲ್ಲಿ ತಲೆಗೆ ದಿನಕ್ಕೆ 6 ಡಾಲರ್, ರೆಸಾರ್ಟಲ್ಲಿ 12. ಕೊಟೇಶನ್ನಲ್ಲಿ 'ಎಲ್ಲಾ ಸೇರಿ' ಅಂತಿತ್ತು, ಅಲ್ಲಿ ಹೋದ್ಮೇಲೆ ಬೇರೆ ಕೊಡಿ ಅಂದ್ರು. ವಾಪಸ್ ಬಂದು ಕೇಳಿದ್ದಕ್ಕೆ "ಹೌದು ಅಣ್ಣ, ಮುಂದಿನ ಸಲ ಬರೀತೀವಿ" ಅಂದ್ರು, ದಯವಿಟ್ಟು ಈಗ್ಲೇ ಬರೀರಿ, ಐದಾರು ಜನದ ಕುಟುಂಬಕ್ಕೆ ಅದು ಸಣ್ಣ ದುಡ್ಡಲ್ಲ.

ಕಾರವಾರದವರು ಈ ಟ್ರಿಪ್ ಮಾಡ್ಲೇಬೇಕು ಅಂತ ನಾನು ಯಾಕೆ ಹೇಳ್ತೀನಿ ಅಂದ್ರೆ, 2025ರ ಏಪ್ರಿಲ್ 5ಕ್ಕೆ ನಮ್ಮ ನೌಕಾನೆಲೆಯಿಂದಲೇ ಐಎನ್ಎಸ್ ಸುನಯನಾ ಹೊರಡ್ತು, ಒಂಬತ್ತು ದೇಶಗಳ 44 ನೌಕಾ ಸಿಬ್ಬಂದಿ ಅದ್ರಲ್ಲಿ ಇದ್ರು, ಮಾಲ್ಡೀವ್ಸಿನವ್ರೂ ಇದ್ರು. ನೆಲೆಗೆ ಅಂತ ಜಮೀನು ಬಿಟ್ಟುಕೊಟ್ಟ ಊರಿನವರು ನಾವು, ಆ ಹಡಗುಗಳು ಯಾರ ಸಲುವಾಗಿ ಹೋಗ್ತಾವೆ ಅಂತ ನೋಡೋ ಹಕ್ಕು ನಮಗಿದೆ. ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ, ಚಿಲ್ಲರೆ ಡಾಲರ್ ನೋಟು ಇಟ್ಕೊಳ್ಳಿ, ಮಾಲೆಗೆ ಒಂದು ಪೂರ್ತಿ ದಿನ ಬೇಕು ಅಂತ ಬುಕಿಂಗ್ ಮಾಡೋವಾಗ್ಲೇ ಹೇಳಿ, ಇಲ್ಲಾಂದ್ರೆ ಸೀದಾ ಬೋಟ್ ಹತ್ತಿಸ್ತಾರೆ.