ಬಾಡಿಗೆ ಸಾಫ್ಟ್‌ವೇರ್ ಬಿಡುವ ಮುನ್ನ: ಒಂದು ಡಬಲ್ ಕ್ಲಿಕ್ಕಿಗೆ ಕೆಟ್ಟ ಲೆಕ್ಕ

ತಿಂಗಳು ತಿಂಗಳು ಬಾಡಿಗೆ (ಚಂದಾ) ಕೊಟ್ಟು ಬಳಸುತ್ತಿದ್ದ ಬಿಲ್ಲಿಂಗ್ ಸಾಫ್ಟ್‌ವೇರ್ ಬಿಟ್ಟು ಇನ್ನೊಂದಕ್ಕೆ ಹೋಗಲು ಹೊರಟ ಒಂದು ಸಂಸ್ಥೆಗೆ ಆದದ್ದು ಇದು. ದಯವಿಟ್ಟು ನಿಮ್ಮಲ್ಲಿ ಆಗಗೊಡಬೇಡಿ.

ಡೇಟಾ ಹೊರತೆಗೆಯಲು ಎಕ್ಸ್‌ಪೋರ್ಟ್ ಒತ್ತಿದರು, ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಾದಾ ಪಠ್ಯದ ಫೈಲ್) ಬಂತು. ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದು, ಒಂದೆರಡು ಕಾಲಂ ಸರಿಮಾಡಿ, ಅದೇ ಫೈಲನ್ನು ಸೇವ್ ಮಾಡಿದರು. ಕೆಟ್ಟದ್ದು ಅಲ್ಲೇ. 00457 ಎಂಬ ಐಟಂ ಕೋಡ್ 457 ಆಯಿತು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆಗಳೆಲ್ಲ ಸೊನ್ನೆಯಲ್ಲಿ ಮುಗಿದವು. 03/04 ಎಂಬ ತಾರೀಕು ಕೆಲವು ಕಡೆ ಏಪ್ರಿಲ್ 3, ಕೆಲವು ಕಡೆ ಮಾರ್ಚ್ 4. ಕನ್ನಡದ ಹೆಸರುಗಳು ಓದಲಾಗದ ಗುರುತುಗಳಾದವು. ಇಷ್ಟೆಲ್ಲ ಗೊತ್ತಾಗುವಷ್ಟರಲ್ಲಿ ಚಂದಾ ಮುಗಿದು ಲಾಗಿನ್ ಬಂದ್ ಆಗಿತ್ತು, ಮೂಲ ಫೈಲ್ ಎಲ್ಲೂ ಇರಲಿಲ್ಲ.

ಇನ್ನೂ ದೊಡ್ಡ ಪೆಟ್ಟು ಬೇರೆಯೇ ಇತ್ತು. ಯಾವ ರಸೀದಿ ಯಾವ ಬಿಲ್ಲಿಗೆ ಜಮಾ ಎಂಬ ಕೊಂಡಿ ಆ ಸಿಎಸ್‌ವಿಯಲ್ಲಿ ಇರಲೇ ಇಲ್ಲ. ಸ್ಕ್ಯಾನ್ ಮಾಡಿ ಲಗತ್ತಿಸಿದ್ದ ಬಿಲ್ಲುಗಳೂ ಬರಲಿಲ್ಲ. ಮೊತ್ತ ತಾಳೆಯಾದರೂ ಯಾರಿಂದ ಎಷ್ಟು ಬಾಕಿ ಎಂಬುದನ್ನು ಕೈಯಲ್ಲೇ ಕೂತು ಬಿಡಿಸಬೇಕಾಯಿತು.

ಹೀಗಾಗದಿರಲು, ಇಳಿಸಿಕೊಂಡ ಫೈಲನ್ನು ಮೊದಲು ರೀಡ್ ಓನ್ಲಿ (ಓದಲು ಮಾತ್ರ, ತಿದ್ದಲಾಗದಂತೆ) ಮಾಡಿ ಬೇರೆ ಡಿಸ್ಕಿಗೆ ಹಾಕಿ. ಕೆಲಸ ಪ್ರತಿಯ ಮೇಲೆ ಮಾತ್ರ. ಎಕ್ಸೆಲ್‌ನ ಡೇಟಾ ಟ್ಯಾಬ್‌ನಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ತೆರೆಯಿರಿ. ಫೈಲ್ ಒರಿಜಿನ್‌ನಲ್ಲಿ 65001 ಯುಟಿಎಫ್-8 (ಕನ್ನಡ ಅಕ್ಷರ ಸರಿಯಾಗಿ ಕಾಣಲು), ಡೇಟಾ ಟೈಪ್ ಕಡೆ ‘ಡು ನಾಟ್ ಡಿಟೆಕ್ಟ್’ ಆರಿಸಿ. ಆಗ ಸೊನ್ನೆಗಳು ಉಳಿಯುತ್ತವೆ. ಒಂದು ಹಾಳೆ 10,48,576 ಸಾಲು ಮಾತ್ರ ಹಿಡಿಯುತ್ತದೆ, ಹೆಚ್ಚಿದ್ದರೆ ವರ್ಷವಾರು ಇಳಿಸಿಕೊಳ್ಳಿ.

ಹೊಸದಾಗಿ ಸೇರುವವರು ಡೇಟಾ ಹೊರತೆಗೆಯುವ ಪರೀಕ್ಷೆಯನ್ನು ಟ್ರಯಲ್ ಅವಧಿಯಲ್ಲೇ ಮಾಡಬೇಕು. ಇಪ್ಪತ್ತು ಬಿಲ್, ಭಾಗಶಃ ಪಾವತಿಯ ಎರಡು ರಸೀದಿ, ಒಂದು ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಕಡಿಮೆ ಮಾಡುವ ಚೀಟಿ), ಮೂರು ಲಗತ್ತು ಹಾಕಿ ಎಲ್ಲವನ್ನೂ ಹೊರಗೆ ತೆಗೆಯಿರಿ. ಬಿಲ್ ನಂಬರ್ ರಸೀದಿಯ ಸಾಲಿನಲ್ಲೂ ಕಾಣದಿದ್ದರೆ ಆ ಸಾಫ್ಟ್‌ವೇರ್ ಬೇಡ, ಎಷ್ಟೇ ಅಗ್ಗವಿರಲಿ. ಕರಾರಿನಲ್ಲಿ ಎರಡು ವಿಷಯ ಬರಹದಲ್ಲೇ ಇರಲಿ: ನವೀಕರಣ ಬೇಡವೆಂದು ಎಷ್ಟು ದಿನ ಮೊದಲು ತಿಳಿಸಬೇಕು, ಖಾತೆ ಮುಚ್ಚಿದ ಮೇಲೆ ಡೇಟಾ ಎಷ್ಟು ದಿನ ಸಿಗುತ್ತದೆ.

ಸಾಫ್ಟ್‌ವೇರ್ ಬಾಡಿಗೆಯದಲ್ಲ, ಒಂದೇ ಸಲ ಕೊಂಡುಕೊಂಡದ್ದಾದರೆ ಬಾಡಿಗೆ ನಿಂತಿತೆಂದು ಲಾಗಿನ್ ಮುಚ್ಚುವುದಿಲ್ಲ, ಆ ನೆಮ್ಮದಿ ನಿಜ. ಆದರೆ ಬ್ಯಾಕಪ್ ನಿಮ್ಮ ತಲೆಯ ಮೇಲೆ, ಆಯುಷ್ಯಕ್ಕೂ ಮಿತಿಯಿದೆ. ಉದಾಹರಣೆಗೆ, ಮೈಕ್ರೋಸಾಫ್ಟ್ ಆಫೀಸ್ 2016 ಮತ್ತು 2019ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿಯಿತು. ತೆರೆಯುತ್ತವೆ, ಭದ್ರತೆಯ ತಿದ್ದುಪಡಿ ಬರುವುದಿಲ್ಲ.

ಬದಲಿಸುವುದೇ ಖಚಿತವಾದರೆ ಒಂದು ತಿಂಗಳ ಬಾಡಿಗೆ ಹೆಚ್ಚು ಕೊಟ್ಟು ಎರಡನ್ನೂ ಜೊತೆಯಲ್ಲೇ ನಡೆಸಿ. ತಿಂಗಳ ಕೊನೆಯ ಬಾಕಿ ಪಟ್ಟಿ ಎರಡರಲ್ಲೂ ಹೆಸರು ಹೆಸರಿಗೂ ತಾಳೆಯಾದ ಮೇಲೆಯೇ ಹಳೆಯದನ್ನು ರದ್ದುಮಾಡಿ.