ಒಂದೇ ಕಡ್ಡಿಯಲ್ಲಿ ಜೋಡಿ ಕಾಲುಚೀಲ: ಉದ್ದ ಕೇಬಲ್‌ನ ಸರ್ಕ್ಯುಲರ್ ಕಡ್ಡಿಯನ್ನು ಮೂರು ವರ್ಷ ಬಳಸಿದ ಮೇಲೆ

ಮೊದಲು ಈ ಹೆಣಿಗೆ ಕಡ್ಡಿಯ ಅಳತೆ ಹೇಳಿಬಿಡುತ್ತೇನೆ. ದಪ್ಪ 2.5 ಮಿ.ಮೀ. ಒಂದು ತುದಿಯಿಂದ ಇನ್ನೊಂದು ತುದಿಗೆ 100 ಸೆಂ.ಮೀ. ಎರಡೂ ಕಡೆ ಲೋಹದ ಚಿಕ್ಕ ಕಡ್ಡಿ, ನಡುವೆ ಬಳುಕುವ ನೈಲಾನ್ ಕೇಬಲ್. ಅಂಗಡಿಯಲ್ಲಿ ಸರ್ಕ್ಯುಲರ್ ಅಂತ ಕೇಳಿದರೆ ಕೊಡುತ್ತಾರೆ. ನಾನು ಕೊಂಡಾಗ 400 ರೂಪಾಯಿಗೆ ಸ್ವಲ್ಪ ಕಡಿಮೆ ಇತ್ತು. ಮೂರು ವರ್ಷದಲ್ಲಿ ಇಂಥ ಕಡ್ಡಿಯ ಮೇಲೆ 14 ಜೊತೆ ಕಾಲುಚೀಲ ಹಾಕಿದ್ದೇನೆ. ಎಲ್ಲವೂ ಮನೆಯವರಿಗೆ: ಅತ್ತೆ, ಮಾವ, ಯಜಮಾನರು, ಮಗಳು, ಮಗ, ಮತ್ತೆ ರಾಜಾಜಿನಗರದಲ್ಲಿರುವ ನಮ್ಮಪ್ಪ. ಎರಡು ಕಂಪನಿಯ ಕಡ್ಡಿ ಬಳಸಿದ್ದೇನೆ. ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳಿರುವುದನ್ನು ಯಾವ ಕಂಪನಿಯದು ಕೊಂಡರೂ ನೋಡಿಕೊಳ್ಳಬೇಕು.

ಬೆಂಗಳೂರಲ್ಲಿ ಉಣ್ಣೆಯ ಕಾಲುಚೀಲ ಯಾಕೆ ಅಂತ ಕೇಳುವವರು ಇದ್ದಾರೆ. ನಮ್ಮದು ಬಸವನಗುಡಿಯ ಹಳೇ ಮನೆ. ಕೆಂಪು ಗಾರೆ ನೆಲ. ಬೇಸಿಗೆಯಲ್ಲಿ ಆ ನೆಲದ ಮೇಲೆ ಚಾಪೆ ಕೂಡ ಹಾಸದೆ ಮಲಗಬಹುದು, ಅಷ್ಟು ತಂಪು. ಅದೇ ನೆಲ ಧನುರ್ಮಾಸದ ಬೆಳಗ್ಗೆ ಐದು ಗಂಟೆಗೆ ಪಾದ ಸುಡುವಷ್ಟು ಕೊರೆಯುತ್ತದೆ. ಈ ಊರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಅಲ್ವಾ. 1884ರ ಜನವರಿಯಲ್ಲಿ ಇಲ್ಲಿ 7.8 ಡಿಗ್ರಿ ದಾಖಲಾಗಿತ್ತು. ಈಗ ಅಷ್ಟು ಇಲ್ಲ, ಡಿಸೆಂಬರ್ ಬೆಳಗ್ಗೆ 15ರ ಆಸುಪಾಸು. ಆದರೂ ಎಪ್ಪತ್ತು ದಾಟಿದವರ ಪಾದಕ್ಕೆ ಅದೇ ಜಾಸ್ತಿ.

ಇದಕ್ಕೆ ಮುಂಚೆ ನಾನು ಐದು ಕಡ್ಡಿಯ ಸೆಟ್‌ನಲ್ಲಿ ಹಾಕುತ್ತಿದ್ದೆ. ನಾಲ್ಕು ಕಡ್ಡಿಯ ಮೇಲೆ ಹೊಲಿಗೆ (ದಾರದ ಸಣ್ಣ ಕುಣಿಕೆಗಳು), ಐದನೆಯದರಲ್ಲಿ ಹೆಣಿಗೆ. ಕಾಲುಚೀಲ ಚೆನ್ನಾಗಿಯೇ ಬರುತ್ತಿತ್ತು. ತೊಂದರೆ ಶುರುವಾಗುತ್ತಿದ್ದದ್ದು ಒಂದು ಮುಗಿದ ಮೇಲೆ. ಎರಡನೆಯದಕ್ಕೆ ಮತ್ತೆ ಮೊದಲಿಂದ ಹೊಲಿಗೆ ಎತ್ತಿಕೊಳ್ಳುವಷ್ಟರಲ್ಲಿ ಹಬ್ಬ ಬರುತ್ತೆ, ಮಕ್ಕಳ ಪರೀಕ್ಷೆ ಬರುತ್ತೆ, ಚಳಿಗಾಲವೇ ಮುಗಿಯುತ್ತೆ. ಎರಡು ತಿಂಗಳು ಬಿಟ್ಟು ಕೂತರೆ ಕೈಯ ಬಿಗಿಯೇ ಬೇರೆಯಾಗಿರುತ್ತೆ. ಮಾವನವರ ಒಂದು ಜೊತೆಯಲ್ಲಿ ಬಲಗಾಲಿನದು ಎಡಗಾಲಿನದಕ್ಕಿಂತ ಒಂದು ಬೆರಳು ಉದ್ದ ಬಂತು. ಅವರು ಏನೂ ಹೇಳದೆ ಹಾಕಿಕೊಂಡರು. ನನಗೆ ದಿನಾ ಕಣ್ಣಿಗೆ ಬೀಳುತ್ತಿತ್ತು.

ಉದ್ದ ಕೇಬಲ್ ಇದ್ದರೆ ಎರಡನ್ನೂ ಒಟ್ಟಿಗೆ ಹಾಕಬಹುದು. ಮ್ಯಾಜಿಕ್ ಲೂಪ್ ಅಂತ ಕರೆಯುತ್ತಾರೆ. ಅಮೆರಿಕದ ಸಾರಾ ಹೌಶ್ಕಾ ಅವರ ಈ ವಿಧಾನ 2002ರಲ್ಲಿ ಪುಸ್ತಿಕೆಯಾಗಿ ಬಂದ ಮೇಲೆ ಎಲ್ಲ ಕಡೆ ಹರಡಿತು. ಹೊಲಿಗೆಗಳನ್ನು ಎರಡು ಭಾಗ ಮಾಡಿ, ನಡುವೆ ಕೇಬಲನ್ನು ಕುಣಿಕೆಯಂತೆ ಹೊರಗೆ ಎಳೆದುಕೊಳ್ಳುವುದು. ಅಷ್ಟೇ ಗುಟ್ಟು. ಜೋಡಿಯಾಗಿ ಹಾಕುವಾಗ ಮೊದಲ ಕಾಲುಚೀಲದ ಮುಂಭಾಗ, ಎರಡನೆಯದರ ಮುಂಭಾಗ, ಆಮೇಲೆ ತಿರುಗಿಸಿ ಎರಡನೆಯದರ ಹಿಂಭಾಗ, ಮೊದಲನೆಯದರ ಹಿಂಭಾಗ. ಇಷ್ಟಾದರೆ ಎರಡಕ್ಕೂ ಒಂದು ಸುತ್ತು. ಎರಡಕ್ಕೂ ಬೇರೆ ಬೇರೆ ಉಂಡೆ ಬೇಕು. ನಾನು 100 ಗ್ರಾಂ ಲಡಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ 50, 50 ಮಾಡಿ ಸುತ್ತುತ್ತೇನೆ. ಒಂದು ಉಂಡೆ ಎಡಗಡೆ ಡಬರಿಯಲ್ಲಿ, ಇನ್ನೊಂದು ಬಲಗಡೆ ಡಬರಿಯಲ್ಲಿ. ಒಂದು ಸಲ ಎಡಕ್ಕೆ ತಿರುಗಿಸಿದರೆ ಮುಂದಿನ ಸಲ ಬಲಕ್ಕೇ ತಿರುಗಿಸಬೇಕು. ಇದನ್ನು ಮರೆತರೆ ಹತ್ತು ಸುತ್ತಿನೊಳಗೆ ಎರಡು ದಾರವೂ ಜಡೆಯಾಗಿಬಿಡುತ್ತವೆ.

ಕೆಲಸ ಬೇಗ ಆಗುತ್ತೆ ಅಂದುಕೊಂಡು ಕೊಳ್ಳಬೇಡಿ. ಬೇಗ ಆಗುವುದಿಲ್ಲ. ನನ್ನ ಕೈಗೆ ಇಂಚಿಗೆ 8 ಹೊಲಿಗೆ, 11 ಸುತ್ತು. 64 ಹೊಲಿಗೆಯ ಒಂದು ಕಾಲುಚೀಲಕ್ಕೆ ಸುಮಾರು 12 ಸಾವಿರ ಹೊಲಿಗೆ ಆಗುತ್ತವೆ, ಒಂದು ಜೊತೆಗೆ 24 ಸಾವಿರ. ಒಟ್ಟಿಗೆ ಹಾಕಿದರೂ ಒಂದೊಂದಾಗಿ ಹಾಕಿದರೂ ಲೆಕ್ಕ ಅದೇ. ಮೊದಲ ವಾರ ಬರೀ ರಿಬ್, ಅಂದರೆ ಬಾಯಿಯ ಹಿಗ್ಗುವ ಪಟ್ಟಿ, ಹಾಕುತ್ತಾ ಏನೂ ಬೆಳೆಯಲೇ ಇಲ್ಲ ಅನಿಸುತ್ತೆ. ಆದರೆ ಮುಗಿದ ದಿನ ಜೊತೆಯೇ ಕಡ್ಡಿಯಿಂದ ಇಳಿಯುತ್ತೆ. ಎರಡೂ ಒಂದೇ ಉದ್ದ, ಒಂದೇ ಬಿಗಿ. ನನ್ನ ಕೈ ಒಂದು ದಿನ ಸಡಿಲ ಇದ್ದರೆ ಎರಡರಲ್ಲೂ ಅದೇ ಜಾಗದಲ್ಲಿ ಸಡಿಲ. ಸುತ್ತು ಎಣಿಸಿ ಬರೆದಿಡುವ ಗೋಜೂ ಇಲ್ಲ.

ಈಗ ಕಡ್ಡಿಯ ವಿಷಯ. ಇದರಲ್ಲಿ ಜೀವ ಇರುವುದು ಜಾಯಿಂಟ್‌ನಲ್ಲಿ, ಅಂದರೆ ಲೋಹ ಮುಗಿದು ಕೇಬಲ್ ಶುರುವಾಗುವ ಜಾಗದಲ್ಲಿ. ಒಂದು ಸುತ್ತಿನಲ್ಲಿ ಪ್ರತಿ ಹೊಲಿಗೆಯೂ ಆ ಜಾಗ ದಾಟಿಯೇ ಹೋಗಬೇಕು. ಅಲ್ಲಿ ಕೂದಲೆಳೆಯಷ್ಟು ಮೆಟ್ಟಿಲು ಇದ್ದರೂ ದಾರ ಸಿಕ್ಕಿಕೊಳ್ಳುತ್ತೆ. ನನ್ನ ಮೊದಲ ಕಡ್ಡಿಯಲ್ಲಿ ಜಾಯಿಂಟ್ ನುಣುಪಾಗಿತ್ತು. ಏಳನೇ ಜೊತೆಯವರೆಗೆ ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ಎಂಟನೆಯದು ಮಗಳದು, ಹಿಮ್ಮಡಿ ಮುಗಿಸಿ ಪಾದಕ್ಕೆ ಬಂದಿದ್ದೆ. ರಾತ್ರಿ ಕರೆಂಟ್ ಹೋಗಿತ್ತು. ಕೈಯ ಅಂದಾಜಿನಲ್ಲೇ ಹಾಕುತ್ತಿದ್ದೆ. ಕೇಬಲ್ ಎಳೆದಾಗ ಎಡಗೈಯಲ್ಲಿದ್ದ ಕಡ್ಡಿ ಹಾಗೇ ಕಳಚಿ ಬಂತು. ಒಂದು ಕಾಲುಚೀಲದ ಮೇಲ್ಭಾಗದ 32 ಹೊಲಿಗೆ ಗಾಳಿಯಲ್ಲಿ. ಅಲುಗಾಡದೆ ಕೂತು ಮಗನನ್ನು ಕರೆದೆ. ಅವನು ಮೊಬೈಲ್ ಬೆಳಕು ಹಿಡಿದ. ದಬ್ಬಳಕ್ಕೆ ಹತ್ತಿ ದಾರ ಪೋಣಿಸಿ ಒಂದೊಂದೇ ಹೊಲಿಗೆ ಹಿಡಿದುಕೊಂಡೆ. ಮೂರು ಜಾರಿ ಕೆಳಗಿನ ಸಾಲಿಗೆ ಇಳಿದಿದ್ದವು. ಅವನ್ನು ಕ್ರೋಶಾ ಕಡ್ಡಿಯಲ್ಲಿ ಎತ್ತಿದೆ. ಕೊಂಡ ಅಂಗಡಿಯವರು ಬದಲಿ ಕೊಡಲು ಒಪ್ಪಲಿಲ್ಲ. ಬಳಸಿದ ಮಾಲು ಅಂದರು. ಹಾಗಾಗಿ ಈಗ ಹಿಮ್ಮಡಿ ಮುಗಿದ ಕೂಡಲೇ ಎರಡು ಕಾಲುಚೀಲಕ್ಕೂ ಒಂದು ಸಾಲಿನ ಹೊಲಿಗೆಯೊಳಗೆ ತೆಳು ದಾರ ಓಡಿಸಿಡುತ್ತೇನೆ. ಏನೇ ಆದರೂ ಅದಕ್ಕಿಂತ ಕೆಳಗೆ ಬಿಚ್ಚುವುದಿಲ್ಲ. ಕೊಳ್ಳುವಾಗ ಜಾಯಿಂಟ್ ಮೇಲೆ ಉಗುರು ಓಡಿಸಿ ನೋಡಿ, ಎರಡೂ ಕಡೆ.

ಕೇಬಲ್ ಪೊಟ್ಟಣದಿಂದ ತೆಗೆದಾಗ ಸುರುಳಿ ಸುತ್ತಿಕೊಂಡೇ ಇರುತ್ತೆ. ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ, ಎಳೆದು ಹಿಡಿದರೆ ನೇರ ಆಗುತ್ತೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮಡಚಿಟ್ಟರೆ ಮತ್ತೆ ಸುರುಳಿ. ಮತ್ತೆ ಬಿಸಿನೀರು. ಹಿತ್ತಾಳೆಗೆ ನಿಕ್ಕಲ್ ಲೇಪ ಹಾಕಿದ ಕಡ್ಡಿ ನನ್ನದು. ಬಲಗೈ ತೋರುಬೆರಳು ಕೂರುವ ಜಾಗದಲ್ಲಿ ಬೆಳ್ಳಿ ಬಣ್ಣ ಹೋಗಿ ಅಕ್ಕಿಕಾಳಿನಷ್ಟು ಹಳದಿ ಕಾಣುತ್ತಿದೆ. ನನಗೆ ಕೈ ಬೆವರುವುದು ಜಾಸ್ತಿ, ಅದಕ್ಕೇ ಇರಬೇಕು. ಹೆಣಿಗೆಗೆ ಏನೂ ತೊಂದರೆ ಇಲ್ಲ. ಬಿದಿರಿನದನ್ನೂ ಒಂದು ಕೊಂಡಿದ್ದೆ. ಕೈಗೆ ಬೆಚ್ಚಗೆ, ಹೊಲಿಗೆ ಜಾರುವುದಿಲ್ಲ. ಹೊಸಬರಿಗೆ ಅದು ಸುಲಭ. ಆದರೆ 2.5 ಮಿ.ಮೀ. ಬಿದಿರು ತೀರಾ ತೆಳು. ಸೋಫಾ ಮೇಲೆ ಇಟ್ಟಿದ್ದೆ, ಯಜಮಾನರು ಕೂತರು, ಮುರಿಯಿತು.

ಒಂದೇ ಕೇಬಲ್ ಮೇಲೆ ನಾಲ್ಕು ಹಾಕಬಹುದಾ ಅಂತ ಕೇಳುತ್ತಾರೆ. ಹಾಕಿ ನೋಡಿದ್ದೇನೆ. 150 ಸೆಂ.ಮೀ. ಕೇಬಲ್, ನಾಲ್ಕು ಉಂಡೆ, ಮಗನಿಗೂ ಮಗಳಿಗೂ ಒಟ್ಟಿಗೆ. ಒಂದು ಸುತ್ತು ಮುಗಿಯಲು ಅರ್ಧ ಗಂಟೆ. ನಾಲ್ಕು ದಾರ ಬಿಡಿಸುವುದರಲ್ಲೇ ಸಂಜೆ ಹೋಗುತ್ತಿತ್ತು. ಮೂರು ದಿನ ನೋಡಿ, ಎರಡು ಕಡ್ಡಿಗೆ ಹಂಚಿದೆ. ಅಂದಿನಿಂದ ಅದೇ ರೂಢಿ: ಎರಡು ಕಡ್ಡಿ, ಒಂದೊಂದರಲ್ಲಿ ಒಬ್ಬೊಬ್ಬರ ಜೋಡಿ. ಟಿವಿ ನೋಡುತ್ತಾ ಹಾಕಲು ಸೀದಾ ಪಾದ ಒಂದರಲ್ಲಿ, ಬೆಳಗಿನ ಬೆಳಕಿಗೆ ಹಿಮ್ಮಡಿ ಇನ್ನೊಂದರಲ್ಲಿ. ಹಿಮ್ಮಡಿ ತಿರುಗಿಸುವುದನ್ನು ಮಾತ್ರ ಜೋಡಿಯಲ್ಲೂ ಒಂದಾದ ಮೇಲೆ ಒಂದು ಮಾಡಬೇಕು. ಅದಕ್ಕೆ ಬೇರೆ ದಾರಿ ನನಗೆ ಸಿಕ್ಕಿಲ್ಲ.

ದಾರದ ಬಗ್ಗೆ ಚಿಕ್ಕದಾಗಿ. ಪೇಟೆಯಲ್ಲಿ ಉಲ್ಲನ್ ಅಂತ ಸಿಗುವುದು ಬಹಳಷ್ಟು ಅಕ್ರಿಲಿಕ್. ಟೋಪಿಗೆ ಸರಿ, ಕಾಲಿಗೆ ಬೇಡ. ಬೆವರು ಹೀರುವುದಿಲ್ಲ, ಪಾದ ಒದ್ದೆ ಒದ್ದೆ ಆಗುತ್ತೆ. ನಮ್ಮ ಚಳ್ಳಕೆರೆ ಕಡೆಯ ಕಂಬಳಿ ಉಣ್ಣೆ ಹಾಸಿ ಮಲಗಲು ಅಮೃತ, ಆದರೆ ಪಾದಕ್ಕೆ ಒರಟು, ಚುಚ್ಚುತ್ತೆ. ಕಾಲುಚೀಲಕ್ಕೆ 75 ಪಾಲು ಉಣ್ಣೆ, 25 ಪಾಲು ನೈಲಾನ್ ಇರುವ ದಾರವೇ ಬಾಳುವುದು. ನೈಲಾನ್ ಇಲ್ಲದೆ ಹಾಕಿದ ಒಂದು ಜೊತೆ ಹಿಮ್ಮಡಿಯಲ್ಲಿ ಎರಡೇ ತಿಂಗಳಿಗೆ ತೂತಾಯಿತು. 100 ಗ್ರಾಂಗೆ 400 ಮೀಟರ್ ಬರುತ್ತೆ, ಒಂದು ಜೊತೆಗೆ ಸಾಕು. ಬೆಲೆ ಸಾವಿರ ರೂಪಾಯಿ ದಾಟುತ್ತೆ, ಅದು ನಿಜವಾಗಿ ಭಾರ. ಅತ್ತೆ ಕೈಯಲ್ಲಿ ಮುಟ್ಟಿ ನೋಡಿ, "ಪೂರ್ತಿ ಉಣ್ಣೇನಾಮ್ಮ ಇದು? ಹಾಗಿದ್ರೆ ಧಾಬಳಿ ಥರ, ಮಡಿಗೆ ಬರುತ್ತೆ" ಅಂದರು. ಕಾಲು ಭಾಗ ನೈಲಾನ್ ಇದೆ ಅತ್ತೆ ಅಂದೆ. "ಸರಿ ಬಿಡು, ದೇವರಮನೆ ಹೊಸ್ತಿಲಲ್ಲಿ ಬಿಚ್ಚಿಡ್ತೀನಿ" ಅಂದರು. ಈಗಲೂ ಹಾಗೇ ಮಾಡುತ್ತಾರೆ. ಪೂಜೆ ಹೊತ್ತಿಗೆ ಹೊಸ್ತಿಲ ಹೊರಗೆ ಎರಡು ನೀಲಿ ಕಾಲುಚೀಲ ಜೋಡಿಸಿಟ್ಟಿರುತ್ತವೆ.

ಈ ಕಡ್ಡಿಯ ಬೆಲೆ ನನಗೆ ನಿಜವಾಗಿ ತಿಳಿದದ್ದು ಅಪ್ಪನ ಜೋಡಿಯಲ್ಲಿ. ಅಪ್ಪನಿಗೆ ಬೈಪಾಸ್ ಆದಾಗ ಎಡಗಾಲಿನಿಂದ ರಕ್ತನಾಳ ತೆಗೆದಿದ್ದರು. ಅಂದಿನಿಂದ ಆ ಕಾಲು ಸಂಜೆಗೆ ಸ್ವಲ್ಪ ಊದುತ್ತೆ. ಅಂಗಡಿಯ ಕಾಲುಚೀಲ ಬಿಚ್ಚಿದರೆ ಕಣಕಾಲಿನ ಮೇಲೆ ಕೆಂಪಗೆ ಬಳೆಯ ಹಾಗೆ ಗೆರೆ. ಡಾಕ್ಟರು ಬಿಗಿ ಇರಬಾರದು ಅಂದಿದ್ದರು. ದೊಡ್ಡ ಸೈಜ್ ತಂದರೆ ಬಲಗಾಲಿನದು ಜಾರಿ ಚಪ್ಪಲಿಯೊಳಗೆ ಮುದ್ದೆ. ಅವರ ವಯಸ್ಸಿಗೆ ಎಡವಿದರೆ ಕಷ್ಟ.

ಒಂದು ಸಂಜೆ ರಾಜಾಜಿನಗರಕ್ಕೆ ಹೋಗಿ, ನೆಲಕ್ಕೆ ಪೇಪರ್ ಹಾಸಿ, ಎರಡೂ ಪಾದದ ಸುತ್ತ ಪೆನ್ಸಿಲ್ ಎಳೆದುಕೊಂಡೆ. ಬೇಕಂತಲೇ ಸಂಜೆ ಹೋದದ್ದು, ಊತ ಇರುವಾಗಲೇ ಅಳತೆ ಸಿಗಲಿ ಅಂತ. "ಒಂದು ಕಾಲು ಅಳೆದರೆ ಸಾಲ್ದೇನೇ ಪುಟ್ಟಿ?" ಅಂದರು ಅಪ್ಪ. ಸಾಲದು. ಎಡದ ಕಣಕಾಲು ಬಲದಕ್ಕಿಂತ ಒಂದು ಇಂಚು ದಪ್ಪ ಇತ್ತು.

ಎಡಕ್ಕೆ 72 ಹೊಲಿಗೆ, ಬಲಕ್ಕೆ 64. ಎರಡೂ ಒಂದೇ ಕೇಬಲ್ ಮೇಲೆ. ಕಣಕಾಲು ಪೂರ್ತಿ ಎರಡು ನಿಟ್ (ಸೀದಾ ಹೊಲಿಗೆ), ಎರಡು ಪರ್ಲ್ (ಉಲ್ಟಾ ಹೊಲಿಗೆ) ರಿಬ್, ಹಿಗ್ಗಲಿ ಅಂತ. ಎರಡೂ ಸಂಖ್ಯೆ ನಾಲ್ಕರಲ್ಲಿ ಸರಿಯಾಗಿ ಭಾಗ ಆಗುತ್ತವೆ, ಆದ್ದರಿಂದ ರಿಬ್ ಎಲ್ಲೂ ಮುರಿಯುವುದಿಲ್ಲ. ಅಗಲ ಬೇರೆ, ಉದ್ದ ಒಂದೇ. ಇದನ್ನು ಬೇರೆ ಬೇರೆಯಾಗಿ ಹಾಕಿದ್ದರೆ ಉದ್ದ ಸರಿಹೋಗಿಸಲು ನನಗೆ ಆಗುತ್ತಿರಲಿಲ್ಲ. ಅಗಲ ಬೇರೆಯಿದ್ದರೆ ಕಣ್ಣಿಗೆ ಉದ್ದವೂ ಬೇರೆಯಾಗಿಯೇ ಕಾಣುತ್ತೆ. ಕೇಬಲ್ ಮೇಲೆ ಪಕ್ಕಪಕ್ಕ ಇದ್ದದ್ದರಿಂದ ಅನುಮಾನಕ್ಕೆ ಜಾಗ ಇರಲಿಲ್ಲ. ಬೆರಳ ತುದಿಯಲ್ಲಿ ಮಾತ್ರ ಸ್ವಲ್ಪ ಲೆಕ್ಕ ಹಾಕಿದೆ. ಎರಡೂ 24 ಹೊಲಿಗೆಗೆ ಇಳಿಯಬೇಕು, ಸುತ್ತಿಗೆ ನಾಲ್ಕರಂತೆ, ಸುತ್ತು ಬಿಟ್ಟು ಸುತ್ತು. ಎಡಕ್ಕೆ 12 ಸಲ, ಬಲಕ್ಕೆ 10 ಸಲ. ಹಾಗಾಗಿ ಎಡದ್ದನ್ನು ನಾಲ್ಕು ಸುತ್ತು ಮೊದಲೇ ಶುರುಮಾಡಿದೆ. ಎರಡೂ ಒಂದೇ ಸುತ್ತಿನಲ್ಲಿ ಮುಗಿದವು.

ಮುಂದಿನ ಭಾನುವಾರ ಅಪ್ಪ ಬೆಳಗ್ಗೆ ಹಾಕಿಕೊಂಡು, ಸಂಜೆ ನಾನು ಹೋಗುವವರೆಗೂ ಬಿಚ್ಚಿರಲಿಲ್ಲ. ನಾನೇ ಎಡಗಾಲಿನದನ್ನು ಮೆಲ್ಲಗೆ ಕೆಳಗೆ ಸರಿಸಿ ನೋಡಿದೆ. ರಿಬ್‌ನ ಸಣ್ಣ ಸಣ್ಣ ಗೀರು ಚರ್ಮದ ಮೇಲೆ ಮಸುಕಾಗಿ ಇತ್ತು. ಕೆಂಪು ಗೆರೆ ಇರಲಿಲ್ಲ. ಅದಾದ ಮೇಲೆ ಅವರಿಗೆ ಇನ್ನೂ ಎರಡು ಜೊತೆ ಹಾಕಿದೆ, ಅದೇ 72–64.

ತೊಳೆಯುವುದು: ಮಷೀನ್‌ಗೆ ಹಾಕಬಹುದು ಅಂತ ದಾರದ ಚೀಟಿಯಲ್ಲಿ ಇದ್ದರೂ ನಾನು ಬಕೆಟ್‌ನಲ್ಲೇ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ, ನೆರಳಲ್ಲಿ ಹರಡುತ್ತೇನೆ. ಎತ್ತಿಡುವಾಗ ಒಣಗಿದ ಬೇವಿನ ಎಲೆ.

ಕಡ್ಡಿ ಕೊಳ್ಳುವವರು 80 ಸೆಂ.ಮೀ. ತೆಗೆದುಕೊಳ್ಳಬೇಡಿ. ಒಂದು ಕಾಲುಚೀಲಕ್ಕೆ ಅದು ಸಾಕಾಗುತ್ತೆ, ಜೋಡಿಗೆ ಪ್ರತಿ ತಿರುವಿನಲ್ಲೂ ಎಳೆದಾಟ. ಇನ್ನು ಸಮಯ. ಕಾರ್ತಿಕದ ಕಡಲೆಕಾಯಿ ಪರಿಷೆ ಹೊತ್ತಿಗೆ ಎಲ್ಲರ ಕಾಲಿಗೂ ಬೇಕು ಅಂದರೆ ನಾನು ಆಷಾಢದಲ್ಲೇ ಶುರುಮಾಡುತ್ತೇನೆ. ಆ ತಿಂಗಳು ಮದುವೆ ಮುಂಜಿ ಇಲ್ಲ, ಹೊರಗೆ ಜಿಟಿಜಿಟಿ ಮಳೆ, ಸಂಜೆ ಪೂರ್ತಿ ನಮ್ಮದೇ. ಈ ಸಲ ಮಗನ ಪಾದ ಪೇಪರ್ ಮೇಲೆ ಕಳೆದ ವರ್ಷದ ಗೆರೆಗಿಂತ ಎರಡು ಬೆರಳು ಮುಂದೆ ಹೋಗಿದೆ. 64 ಸಾಲುವುದಿಲ್ಲ. 68 ಹೊಲಿಗೆ ಎತ್ತಿಕೊಂಡು, ಹೊಸ ಕಡ್ಡಿಯಲ್ಲಿ ಎರಡು ಇಂಚು ರಿಬ್ ಮುಗಿಸಿದ್ದೇನೆ. ಜಾಯಿಂಟ್ ಇಲ್ಲಿಯವರೆಗೆ ನುಣುಪಾಗಿಯೇ ಇದೆ.